ಗಂಟಲು ಕಟ್ಟಿದ ಕಾರು

ಡೊಲೊನ್ ಘಾಟಿಯ ಮೂರನೇ ತಿರುವಿನಲ್ಲಿ
ಕಲ್ಲಿದ್ದಲ ಲಾರಿಯೊಂದು ನನ್ನನ್ನು ಹಿಂದೆ ಹಾಕಿ
ಕಣ್ಣಿಗೆ ಮಣ್ಣೆರಚಿತು, ನಿಜವಾಗಿಯೂ:
ಉಪ್ಪು, ಮಂಜು, ಡೀಸೆಲ್ ಕಲಸಿದ ರಾಡಿ.
ಕಡ್ಡಿ ಎಳೆದೆ. ವೈಪರುಗಳು ಎದ್ದವು,
ನೀರು ಏಳಲಿಲ್ಲ.
ಒಣ ರಬ್ಬರು ಅತ್ತಿತ್ತ ತೀಡಿ
ಗಾಜಿನ ಮೇಲೆ ಎರಡು ಕಾಮನಬಿಲ್ಲು ಬರೆಯಿತು,
ಎರಡೂ ಬೂದು ಬಣ್ಣದವು.

ನನ್ನದು ಜಪಾನಿನ ಹಳೇ ಕಾರು. ಸ್ಟೀರಿಂಗು ಬಲಕ್ಕೆ.
ನಮ್ಮಲ್ಲಿ ಓಡಿಸುವುದೂ ಬಲಕ್ಕೇ.
ಹಾಗಾಗಿ ನಾನು ಕೂರುವುದು ಯಾವಾಗಲೂ ಪ್ರಪಾತದ ಮಗ್ಗುಲಿಗೆ.
ಕಿಟಕಿಯಿಂದ ಆಡಿನ ಹಾಗೆ ಕತ್ತು ಚಾಚಿ
ಹೇಗೋ ನಾನೂರು ಗಜ ತೆವಳಿಸಿ ನಿಲ್ಲಿಸಿದೆ.

"ಬುರುಲ್, ಪಂಪು ಸುಟ್ಟಿದೆ," ಎಂದ ಎಸೆನ್‌ಗುಲ್,
ಭೂಮಾಪನದವನು, ಎಲ್ಲ ಬಲ್ಲವನು.
ಕೆಳಗಿಳಿದು ಸಿಗರೇಟು ಹಚ್ಚಿದ.
ನಾನು ಹುಡುಗನಿಗೆ ಕಡ್ಡಿ ಹಿಡಿಯಲು ಹೇಳಿ
ಚಕ್ರದ ಪಕ್ಕ ಮಂಡಿಯೂರಿ ಕಿವಿಗೊಟ್ಟೆ.
ಗುಂಯ್... ಗುಂಯ್...
ಸೀಸೆಯೊಳಗೆ ಸಿಕ್ಕ ದುಂಬಿಯ ದನಿ.
ಸುಟ್ಟ ಪಂಪು ಹಾಡುವುದಿಲ್ಲ ಮಾರಾಯ.
ಫ್ಯೂಸೂ ಸರಿಯಿದೆ.

ನೀರು ಹೆಪ್ಪುಗಟ್ಟಿತೋ?
ಕೊಚ್ಕೊರಿನ ರಸ್ತೆ ಬದಿ ಮಾರುವ ನೀಲಿ ಡಬ್ಬಿಗಳಲ್ಲಿ
ಮೈನಸ್ ಮೂವತ್ತೆಂದು ಬರೆದದ್ದು
ಮೈನಸ್ ಹನ್ನೆರಡಕ್ಕೇ ಶರಬತ್ತಾಗುವುದುಂಟು.
ಅದಕ್ಕೇ ಹೊಸ ಡಬ್ಬಿ ತಂದ ರಾತ್ರಿ
ಒಂದು ಲೋಟ ಕಿಟಕಿಯಾಚೆ ಇಡುತ್ತೇನೆ.
ಬೆಳಿಗ್ಗೆ ಅಲ್ಲಾಡಿದರೆ ಕಾರಿಗೆ,
ಅಲ್ಲಾಡದಿದ್ದರೆ ಮಾರಿದವಳ ಬಾಗಿಲಿಗೆ.
ಈ ಸಲದ್ದು ಅಲ್ಲಾಡಿತ್ತು.
ತೊಟ್ಟಿಯಲ್ಲೂ ಕುತ್ತಿಗೆ ಮಟ್ಟ ಇದೆ.

ಬಾನೆಟ್ ಎತ್ತಿ ಮತ್ತೊಮ್ಮೆ ಎಳೆಸಿದೆ.
ಒಳಗಿನ ಕಂಬಳಿಯ ಅಂಚಿನಿಂದ
ತೊಟ್... ತೊಟ್... ನೀಲಿ.
ಕಂಬಳಿ ಸರಿಸಿದರೆ ಇಲಿಯ ಬಾಣಂತಿಕೋಣೆ!
ಉಣ್ಣೆ, ಸೂರ್ಯಕಾಂತಿ ಸಿಪ್ಪೆ, ನನ್ನ ಹಳೇ ರಸೀದಿ,
ನಡುವೆ ಹಾದ ಕಪ್ಪು ಕೊಳವೆಗೆ
ಸಾಲಾಗಿ ಎಳೆಹಲ್ಲಿನ ಗುರುತು.
ಮನೆಯವರು ಖಾಲಿ ಮಾಡಿ ಹೋಗಿದ್ದರು,
ಬಾಡಿಗೆ ಕೊಡದೆ.

ಕಚ್ಚಿದ್ದಷ್ಟನ್ನು ಚಾಕುವಿನಿಂದ ಕತ್ತರಿಸಿದೆ.
ಎರಡು ತುದಿ ಬೆಸೆಯಲು ಬೆರಳುದ್ದದ ನಳಿಕೆ ಬೇಕು.
ಎಲ್ಲರೂ ಜೇಬು ತಡಕಿದರು.
ಹುಡುಗ ನುರ್ತಿಲೆಕ್ ಮಾತ್ರ ಜೇಬು ಮುಚ್ಚಿಕೊಂಡ.
"ಏನದು?"
"ಪೆನ್ನು."
"ಕೊಡು."
"ಹೊಸದು."
ಗುಲ್ಸುನ್ ಅಕ್ಕ ಅವನ ಮುಖ ನೋಡಿದಳು, ಅಷ್ಟೆ.
ಕಡ್ಡಿ ತೆಗೆದು ಅವನಿಗೇ ಕೊಟ್ಟು
ಕೊಳವೆಯ ತುದಿಗಳನ್ನು ಬಾಯಿಯ ಹಬೆಯಲ್ಲಿ ಮೆತ್ತಗೆ ಮಾಡಿ
ಪೆನ್ನಿನ ಮೈಗೆ ತೊಡಿಸಿದೆ,
ಮಗುವಿಗೆ ಬಿಗಿ ಕಾಲುಚೀಲ ಹಾಕಿದ ಹಾಗೆ.

ಎಡಗಡೆ ಚಿಮ್ಮಿತು.
ಬಲಗಡೆ, ನನ್ನ ಕಡೆ, ಇನ್ನೂ ಮೂಗಿ.
ತೂತಿನ ಬಾಯಿಗೆ ಬೇಸಿಗೆಯ ಸುಣ್ಣ ಕಟ್ಟಿತ್ತು,
ಮೈದುನ ತುಂಬಿಸಿದ ಬಾವಿನೀರಿನ ಋಣ.
ಗುಲ್ಸುನ್ ಅಕ್ಕ ಕಂಬಳಿ ಹೊಲಿಯುವವಳು,
ಎದೆಗೆ ಸಿಕ್ಕಿಸಿದ್ದ ಸೂಜಿಗಳಲ್ಲಿ
ಎಲ್ಲಕ್ಕಿಂತ ಸಣ್ಣದನ್ನು ಆರಿಸಿ,
"ಮುರಿದರೆ ನಿನ್ನ ತಲೆ," ಎಂದು ಕೊಟ್ಟಳು.
ಒತ್ತಬಾರದು. ಉಗುರಿನ ಸಂದಿಯ ಮುಳ್ಳು ತೆಗೆವಂತೆ
ಸುಮ್ಮನೆ ಕೆಣಕಬೇಕು.
ಬಿಳಿ ಪುಡಿ ಉದುರಿತು.
"ಎಳೆಯೋ!"
ಎಳೆದ.
ನೀಲಿ ನೀರು ಗಾಜು ಬಿಟ್ಟು, ಮಾಡು ಹಾರಿ
ಕಾರಿನ ಹಿಂದೆ ನಿಂತವನ
ಸಿಗರೇಟಿನ ಮೇಲೇ ಬಿತ್ತು.

ಎಲ್ಲ ಬಲ್ಲವನು ಆಮೇಲೆ ನಾರಿನ್ ತನಕ ತುಟಿ ಬಿಚ್ಚಲಿಲ್ಲ.
ನಾನು ಅದೇ ಸೂಜಿಯಿಂದ ಮೂತಿಯ ಗುಂಡನ್ನು
ಕೂದಲೆಳೆಯಷ್ಟು ತಗ್ಗಿಸಿದೆ.
ಈಗ ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ.

ಗಾಜು ಬೆಳಗಾಯಿತು. ಘಾಟಿ ಇಳಿದೆವು.

ನಾರಿನ್‌ನಲ್ಲಿ ನುರ್ತಿಲೆಕ್
ಬೆವೆತ ಮುಷ್ಟಿ ಬಿಚ್ಚಿ ದುಡ್ಡು ಎಣಿಸಿದ.
ಹದಿನೈದು ಸೋಮ್ ಕಡಿಮೆಯಿತ್ತು.
"ಪೆನ್ನಿನದು," ಎಂದ.
ಕಣ್ಣು ತಗ್ಗಿಸಲಿಲ್ಲ.

ಹೊಸ ಕೊಳವೆ ತರಬೇಕು ತರಬೇಕು ಎಂದೇ
ಫೆಬ್ರವರಿ ದಾಟಿತು.
ಕಡ್ಡಿ ಎಳೆದರೆ ನೀರು ಒಂದು ಕ್ಷಣ ತಡೆದು ಬರುತ್ತದೆ,
ದುಡ್ಡು ಕೊಟ್ಟು ಕೊಂಡ ಪೆನ್ನಿನ ಮೂಲಕ.